ಗುರುಬಸಪ್ಪನ ಮೂರು ಮಾತು

"ಏ ಗುರು, ಯು ಡಾಂಕಿ, ವಾಟ್ ಲುಕಿಂಗ್? ಟೆಲ್ ದೆಮ್!" ಸೇಫ್ಟಿ ಆಫೀಸರು ಗದರಿದ. ಹತ್ತು ನಿಮಿಷ ಅವನು ಇಂಗ್ಲಿಷಿನಲ್ಲಿ ಓದಿದ್ದನ್ನು ಗುರುಬಸಪ್ಪ ಒಂದೇ ಉಸಿರಿಗೆ ಕನ್ನಡಕ್ಕೆ ಇಳಿಸಿದ.

"ಹೆಲ್ಮೆಟ್ ಹಾಕ್ಕೋರಿ. ಕೈಕಾಲು ಜ್ವಾಕಿ. ನಡೀರಿ ಇನ್ನ."

ಟುವಾಸ್‌ನ ಆ ಪರದೇಶದ ಹಡಗಿನ ಕಾರ್ಖಾನೆಯಲ್ಲಿ ಆರು ವರ್ಷದಿಂದ ಇದೇ ನಡೆದಿತ್ತು. ಆಫೀಸರು ಬೆಂಕಿಯ ಬಗ್ಗೆ ಓದಲಿ, ಗ್ಯಾಸಿನ ಬಗ್ಗೆ ಓದಲಿ, ಗುರುಬಸಪ್ಪನ ಬಾಯಿಂದ ಬರುತ್ತಿದ್ದದ್ದು ಅವೇ ಮೂರು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಇಂಗ್ಲಿಷಿಗೆ ಡುಮ್ಕಿ ಹೊಡೆದ ಈ ಮಹಾಪಂಡಿತನಿಗೆ ಕಂಪನಿ ದುಭಾಷಿಯೆಂದು ಬಿಳಿ ಹೆಲ್ಮೆಟ್ ಕೊಟ್ಟಿತ್ತು. ಉಳಿದ ಹದಿನೇಳು ಕನ್ನಡದವರದು ಹಳದಿ. ಅಪಾಯದ ಫಲಕದ ಮೇಲೆ ಆ ದೇಶದ ನಾಲ್ಕು ಅಧಿಕೃತ ಭಾಷೆಗಳಿದ್ದವು. ಮೂರು ಅವನಿಗೆ ಬರುತ್ತಿರಲಿಲ್ಲ. ನಾಲ್ಕನೆಯದಾದ ಇಂಗ್ಲಿಷಿನ ಮುಂದೆ ಓದಲು ಬರುವವನ ಹಾಗೆ ನಿಲ್ಲುತ್ತಿದ್ದ. ಯಾರು ಏನೇ ಕೇಳಲಿ, "ಯೆಸ್ ಬಾಸ್, ಕ್ಯಾನ್ ಬಾಸ್." ಊರಿನಲ್ಲಿ ಹೆಂಡತಿ ಶಿವಲಿಂಗವ್ವ, "ನಮ್ಮ ಮನಿಯವ್ರು ಅಲ್ಲಿ ಇಂಗ್ಲಿಷ್ ಸಾಹೇಬ್ರು" ಎಂದು ಓಣಿ ತುಂಬ ಹೇಳಿಕೊಂಡಿದ್ದಳು. ಅದನ್ನು ಫೋನಿನಲ್ಲಿ ಕೇಳಿ ಸಾಹೇಬರ ಎದೆ ಉಬ್ಬುತ್ತಿತ್ತು.

ಆ ಬುಧವಾರ ಹತ್ತು ಗಂಟೆಗೆ, ತಗಡು ಬಾಗಿಸುವ ಯಂತ್ರದಲ್ಲಿ, ಆ ಹದಿನೇಳು ಮಂದಿಯಲ್ಲೊಬ್ಬನಾದ ಆನಂದಕುಮಾರನ ಬಲಗೈಯ ಮೂರು ಬೆರಳು ಹೋದವು.

ಆ ದಿನ ಬೆಳಿಗ್ಗೆ ಆಫೀಸರು ಓದಿದ್ದು ಏನೆಂದು ಗುರುಬಸಪ್ಪನಿಗೆ ಗೊತ್ತಾದದ್ದು ಶುಕ್ರವಾರ, ಮ್ಯಾನೇಜರ್ ಹಯಗ್ರೀವರ ಏಸಿ ಕೋಣೆಯಲ್ಲಿ. ಹಯಗ್ರೀವರು ಮೈಸೂರಿನವರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ತಾಯ್ನುಡಿಗಾಗಿ ಕಣ್ಣೊರೆಸಿಕೊಂಡವರು. ಆ ದಿನ ಕುರ್ಚಿ ಹೊತ್ತು ಹಾಕಿದ್ದು ಗುರುಬಸಪ್ಪನ ಮಂದಿ.

"ಅಮೆರಿಕಾದಲ್ಲಿ ನೋಡು, ಇಂಗ್ಲಿಷೇ ದೇಶದ ಭಾಷೆ ಅಂತ ಲಾ ಪಾಸ್ ಮಾಡಕ್ಕೆ ಹೊರಟಿದಾರೆ." ಅವರು ಓದುತ್ತಿದ್ದ ಪೇಪರ್ ಮಡಚಿಟ್ಟು, ಇಂಗ್ಲಿಷಿನಲ್ಲಿದ್ದ ಒಂದು ಕಾಗದವನ್ನು ಅವನ ಮುಂದೆ ತಳ್ಳಿದರು. "ಇಲ್ಲೂ ಹಾಗೇ ಮಾಡ್ಬೇಕಿತ್ತು. ನಾಲ್ಕು ಲ್ಯಾಂಗ್ವೇಜ್ ಇಟ್ಕೊಂಡು ನಿಮ್ಮಂಥ ದನಗಳನ್ನ ಮೇಯಿಸೋ ಕರ್ಮ ನಮಗೆ. ಸೈನ್ ಹಾಕು."

"ಇದ್ರಾಗ ಏನೈತ್ರಿ ಸರ್?"

"ಮೆಶೀನಿನ ಸೇಫ್ಟಿ ಜಾಲರಿ ಬಿಚ್ಚಿದೆ, ಶಿಪ್ ಅರ್ಜೆಂಟು, ಮೆಶೀನ್ ನಿಲ್ಸಲ್ಲ, ಕೈ ಹಾಕ್ಬೇಡಿ ಅಂತ ವಾರ್ನ್ ಮಾಡಿದ್ವಿ. ನೀನು ಕನ್ನಡದಲ್ಲಿ ಎಕ್ಸ್‌ಪ್ಲೇನ್ ಮಾಡ್ದೆ. ಆ ಆನಂದಕುಮಾರ ಕೇಳ್ದೆ ಕೈ ಹಾಕ್ದ. ಮಧ್ಯಾಹ್ನ ಮಿನಿಸ್ಟ್ರಿಯಿಂದ ಮೇಡಂ ವಿಚಾರಣೆಗೆ ಬರ್ತಾರೆ. ಯೆಸ್ ಮೇಡಂ ಅನ್ನು, ಸಾಕು. ಅವನು ಸಂಡೇ ಊರಿಗೆ ಫ್ಲೈಟ್ ಹತ್ತಲಿ. ನಿನ್ನ ಪರ್ಮಿಟ್ ರಿನ್ಯೂ ಮಾಡಿಸ್ತೀನಿ."

ಗುರುಬಸಪ್ಪ ಸಹಿ ಹಾಕಿದ. ಇಂಗ್ಲಿಷಿನಲ್ಲೇ ಹಾಕಿದ. ಅವನಿಗೆ ತಪ್ಪಿಲ್ಲದೆ ಬರೆಯಲು ಬರುತ್ತಿದ್ದ ಇಂಗ್ಲಿಷೆಂದರೆ ಅದೊಂದೇ.

ಹೊರಗೆ ಆನಂದಕುಮಾರ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. "ಯಣ್ಣಾ, ನೀ ಅವತ್ತ ಜಾಲರಿ ವಿಷಯ ಹೇಳಿದ್ದೆಂತ. ನಾನ ಎಲ್ಲೋ ಲಕ್ಷ್ಯ ಇಟ್ಟಿದ್ದೆ ಕಾಣ್ತೈತಿ. ನಿನ್ನ ಹೆಸರು ಕೆಡಿಸಿದೆ ನೋಡು, ತಪ್ಪಾತು."

ಗುರುಬಸಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆರಳು ಕಳಕೊಂಡವನು ತಪ್ಪಾಯ್ತೆನ್ನುತ್ತಿದ್ದಾನೆ, ಬೆರಳು ಹೋಗುವಂತೆ ಮಾಡಿದವನು ಬಿಳಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಾನೆ. 'ಹಲ್ಕಟ್ ಭಾಡ್ಯಾ, ಯೆಸ್ ಅನ್ನಾಕ ಹುಟ್ಟಿದ ನಾಯೀ' ಎಂದು ತನ್ನನ್ನೇ ಬೈದುಕೊಂಡ. ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ, ಒಂದೂ ತಡವರಿಸದೆ ಬಂದವು.

ಮಧ್ಯಾಹ್ನ ಮೇಡಂ ಬಂದರು. ಆನಂದಕುಮಾರನನ್ನೂ ಒಳಗೆ ಕರೆಸಿದರು. ಕಾಗದದ ಮೇಲೆ ಬೆರಳಿಟ್ಟು, ಗುರುಬಸಪ್ಪನ ಮುಖ ನೋಡಿ ಏನೋ ಕೇಳಿದರು. ಕೊನೆಯಲ್ಲಿ "ಕನ್ನಡ" ಎಂಬುದೊಂದು ಅವನಿಗೆ ತಿಳಿಯಿತು. ಹಯಗ್ರೀವರು ಹುಬ್ಬು ಹಾರಿಸಿದರು.

"ನೋ ಮೇಡಂ," ಎಂದ ಗುರುಬಸಪ್ಪ.

ಆರು ವರ್ಷದಲ್ಲಿ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು. ಹಯಗ್ರೀವರು ಗಡಬಡಿಸಿ ಎದ್ದರು. "ಸಾರಿ ಮೇಡಂ, ಹಿ ಕೆನಾಟ್ ಅಂಡರ್‌ಸ್ಟ್ಯಾಂಡ್ ಇಂಗ್ಲಿಷ್!"

ಮೇಡಂ ಅವರ ಪೆನ್ನು ನಿಂತಿತು. ಅವರು ಕಾಗದದ ಮೇಲಿನ ಸಹಿಯನ್ನೊಮ್ಮೆ, ಹಯಗ್ರೀವರನ್ನೊಮ್ಮೆ ನೋಡಿದರು.

ಗುರುಬಸಪ್ಪ ಬಿಳಿ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಆನಂದಕುಮಾರನ ಕಡೆ ತಿರುಗಿದ. "ಆನಂದಾ, ನಿಂದೇನ ತಪ್ಪಿಲ್ಲೋ. ನಾ ಹೇಳೇ ಇಲ್ಲ. ಈ ಆರು ವರ್ಷದಾಗ ಅವ್ರು ಓದಿದ್ದು ಒಂದ ದಿನಾನೂ ನಂಗ ತಿಳಿದಿಲ್ಲ. ತಿಳಿಯೂದಿಲ್ಲಂತ ಇವ್ರಿಗೂ ಗೊತ್ತಿತ್ತು. ಜಾಲರಿ ಬಿಚ್ಚಿದ ಮಷೀನಿಗೆ ನಿನ್ನ ಹಚ್ಚಿದ ಸೂಳೆಮಕ್ಕಳು ಇವ್ರು. ಬಾಯಿ ಮುಚ್ಚಿಕೊಂಡವ ನಾನು."

ಆನಂದಕುಮಾರ ಗುರುಬಸಪ್ಪನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ವಾಟ್ ಡಿಡ್ ಹಿ ಸೇ?" ಮೇಡಂ ಹಯಗ್ರೀವರನ್ನು ಕೇಳಿದರು. ಆ ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದವರು ಹಯಗ್ರೀವರೊಬ್ಬರೇ. ಏಸಿಯ ತಂಪಿನಲ್ಲೂ ಅವರ ಹಣೆ ಬೆವತಿತ್ತು.

"ಹೇಳ್ರಿ ಸರ್," ಎಂದ ಗುರುಬಸಪ್ಪ. "ಪೂರಾ ಹೇಳ್ರಿ. ನನ್ನಂಗ ಮೂರ ಮಾತಿನ್ಯಾಗ ಮುಗಸಬ್ಯಾಡ್ರಿ."