ಕಾಡಿಗೆ ಒರೆಸದ ಡಾಕ್ಟರು

ಡಾಕ್ಟರ್ ಪೂವಪ್ಪನವರು ಹಸುಗೂಸಿನ ಮುಖದ ಕಾಡಿಗೆಯನ್ನು ಎಂದೂ ಒರೆಸುವವರಲ್ಲ. ದೃಷ್ಟಿ ತಾಗದಿರಲೆಂದು ಅಜ್ಜಿಯೊಬ್ಬಳು ಹಚ್ಚಿದ್ದನ್ನು ವೈದ್ಯನಾದವನು ಅಳಿಸಿದರೆ ಆಕೆಯ ಮನಸ್ಸು ಮುದುಡುತ್ತದೆ ಎಂಬುದು ಅವರ ದಾಕ್ಷಿಣ್ಯ. ಈ ದಾಕ್ಷಿಣ್ಯಕ್ಕೆ ಮರುಳಾಗಿಯೇ ಮುಂಬಯಿಯ ನಮ್ಮ ಕರಾವಳಿಯ ಜನ ಮನೆ ಪಕ್ಕದ ಮಕ್ಕಳ ತಜ್ಞರನ್ನೆಲ್ಲ ದಾಟಿ, ಲೋಕಲ್ ರೈಲಿನಲ್ಲಿ ನೂಕಾಡಿಕೊಂಡು, ವಡಾಲದಲ್ಲಿರುವ ಅವರ ಒಂದು ಕೋಣೆಯ ದವಾಖಾನೆಗೆ ಬರುತ್ತಾರೆ.

ಎಪ್ಪತ್ತು ದಾಟಿದ ದೇಹ, ಬಲಕ್ಕೆ ತುಸು ವಾಲಿದ ಮಂದಗಮನ, ಮೇ ತಿಂಗಳ ಬೆವರಿನಲ್ಲೂ ಮೈಬಿಡದ ಬೂದುಬಣ್ಣದ ಕೋಟು. ಅವರು ರಸ್ತೆಗಿಳಿದರೆ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಧಣಿಗಳು ಎದ್ದು ನಿಲ್ಲುತ್ತಾರೆ. ಸ್ಟೆತಸ್ಕೋಪನ್ನು ಮೊದಲು ತಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಆಮೇಲೆಯೇ ಮಗುವಿನ ಎದೆಗೆ ಇಡುತ್ತಾರೆ. ನಾನೂ ಬಹುಕಾಲ ಅವರ ಭಕ್ತವೃಂದದಲ್ಲಿದ್ದವನೇ.

ನನ್ನ ತಂಗಿ ವಾರಿಜಾಳ ಮಗಳು ನಿಶಾ ಇರುವುದು ಘಾಟ್ಕೋಪರ್‌ನಲ್ಲಿ. ಅವಳ ಕೂಸು ಯಕ್ಷಿತಾಳ ಎಡಗಣ್ಣಿನ ರೆಪ್ಪೆಯ ಮೇಲೆ, ಹುಟ್ಟಿದ ಕೆಲವೇ ವಾರಗಳಲ್ಲಿ, ಕೆಂಪು ಚುಕ್ಕೆಯೊಂದು ಮೂಡಿ ಉಬ್ಬತೊಡಗಿತು. ರಕ್ತನಾಳಗಳು ಗಂಟುಗಟ್ಟಿದ ಇಂಥ ಮಚ್ಚೆಯನ್ನು ಹಿಮಾಂಜಿಯೋಮ ಎನ್ನುತ್ತಾರೆ. ನೋಡಿದವರ ಬಾಯಿಗೆ ಹೆದರಿ ವಾರಿಜಾ ಅದರ ಮೇಲೆ ದಪ್ಪಗೆ ಕಾಡಿಗೆ ಬಳಿದು, ತಾಯಿ-ಮಗು ಇಬ್ಬರನ್ನೂ ವಡಾಲಕ್ಕೆ ಕರೆತಂದಳು. ಜೊತೆಗೆ ನಾನೂ ಇದ್ದೆ.

“ಅಂಕಲ್, ಇದು ದಿನಾ ದೊಡ್ಡ ಆಗ್ತಾ ಇದೆ. ಕಣ್ಣು ಪೂರಾ ಓಪನ್ ಆಗೋದಿಲ್ಲ. ಸ್ಪೆಷಲಿಸ್ಟ್ ಕೋ ದಿಖಾನಾ ಹೈ ಕ್ಯಾ, ತೋರಿಸ್ಬೇಕಾ?” ಎಂದಳು ನಿಶಾ.

ಡಾಕ್ಟರು ಕನ್ನಡಕದ ಮೇಲಿಂದ ಬಗ್ಗಿ ನೋಡಿದರು. ಮೇಜಿನ ಮೇಲೆ ಹತ್ತಿಯಿತ್ತು, ಕೈ ಅದರತ್ತ ಹೋಗಿಯೂ ಇತ್ತು. ವಾರಿಜಾಳ ಮುಖ ಕಂಡದ್ದೇ ಹಿಂದೆಗೆದುಕೊಂಡರು.

“ಎಂತ ಇಲ್ಲ ಮಗಾ, ಹೆದರ್ಬೇಡ. ಇಂಥದ್ದು ಎಷ್ಟೋ ನೋಡಿದ್ದೇನೆ. ತನ್ನಷ್ಟಕ್ಕೆ ಹೋಗ್ತದೆ. ಇಷ್ಟು ಸಣ್ಣದಕ್ಕೆ ಮದ್ದು ಎಂತಕ್ಕೆ?”

ಮಾತು ಸುಳ್ಳಲ್ಲ. ಬೆನ್ನಿನ ಮೇಲೋ ತೊಡೆಯ ಮೇಲೋ ಇದ್ದಿದ್ದರೆ ಹೆಚ್ಚಿನವು ಹಾಗೆಯೇ ಹೋಗುವಂಥವು. ಆದರೆ ರೆಪ್ಪೆಯ ಮೇಲಿನದು ಕಾಯಲು ಬಿಡುವುದಿಲ್ಲ. ಶೈಶವದಲ್ಲಿ ಮುಚ್ಚಿಹೋದ ಕಣ್ಣು ನೋಡುವ ವಿದ್ಯೆಯನ್ನು ಕಲಿಯದೆಯೇ ಉಳಿದುಬಿಡಬಹುದು. ಆ ಕೋಣೆಯಲ್ಲಿ ಇದನ್ನು ಬಲ್ಲವರಾಗಿರಬೇಕಾದವರು ಅವರೊಬ್ಬರೇ.

ನಿಶಾ ತಾಯಿಯ ಮಾತು ಮೀರಿ ದೊಡ್ಡ ಆಸ್ಪತ್ರೆಗೆ ಓಡುವಷ್ಟರಲ್ಲಿ ತಿಂಗಳುಗಳು ಕಳೆದು, ಗಡ್ಡೆಯ ಭಾರಕ್ಕೆ ರೆಪ್ಪೆ ಪೂರ್ತಿ ಇಳಿದಿತ್ತು. ಅಲ್ಲಿ ಕೊಟ್ಟ ಪ್ರೊಪ್ರನೊಲಾಲ್ ಎಂಬ ಔಷಧದಿಂದ ಗಡ್ಡೆ ಕುಗ್ಗಿತು, ಕಣ್ಣು ತೆರೆಯಿತು, ನೋಟ ಮಾತ್ರ ಮರಳಲಿಲ್ಲ. ಈಗ ಮೂರು ತುಂಬಿದ ಯಕ್ಷಿತಾಳ ಒಳ್ಳೆಯ ಕಣ್ಣಿಗೆ ದಿನವೂ ಪಟ್ಟಿ ಅಂಟಿಸುತ್ತಾರೆ, ಮಂಕು ಕಣ್ಣು ಇನ್ನಾದರೂ ದುಡಿಯಲಿ ಎಂದು. ಅವಳು ಗೋಡೆ ತಡವುತ್ತಾಳೆ, ಕುರ್ಚಿಗೆ ಹಾಯುತ್ತಾಳೆ, ಪಟ್ಟಿ ಕಿತ್ತೆಸೆದು ಅಳುತ್ತಾಳೆ. ಅದನ್ನು ನೋಡಿಕೊಂಡು ಕೂರುವುದು ನನ್ನಿಂದಾಗುವುದಿಲ್ಲ.

ಮೊನ್ನೆ ಮದುವೆಯೊಂದರಲ್ಲಿ ಪೂವಪ್ಪನವರು ಪಟ್ಟಿಯಿಲ್ಲದ ಅವಳನ್ನು ಎತ್ತಿಕೊಂಡು ಸಭೆಗೆಲ್ಲ ಕೇಳುವಂತೆ ನಕ್ಕರು: “ನೋಡಿ, ಕೆಂಪೇ ಇಲ್ಲ! ನಾನು ಅವತ್ತೇ ಹೇಳಿದ್ದೆ.”

ನಿಶಾ ಬಾಯಿ ತೆರೆದಳು. ವಾರಿಜಾ ಅವಳ ಮೊಣಕೈ ಹಿಡಿದು ಪಿಸುಗುಟ್ಟಿದಳು: “ಬಿಡು ಮಾರಾಯ್ತಿ, ಹಿರಿಯರು, ಬೇಜಾರು ಮಾಡ್ಕೊಳ್ತಾರೆ.”

“ಆ ಕಣ್ಣಿಗೆ ದಿಖ್ತಾ ನಹೀಂ, ಕಾಣೋದಿಲ್ಲ ಅಂಕಲ್,” ಎಂದುಬಿಟ್ಟಳು ನಿಶಾ.

ಅವರ ಮುಖ ಒಂದು ಗಳಿಗೆ ಬಿಳಿಚಿತು. ಮರುಗಳಿಗೆ ಮಗುವಿನ ತಲೆ ಸವರಿ, “ದೊಡ್ಡ ಆಗುವಾಗ ಸರಿ ಆಗ್ತದೆ,” ಎಂದರು. ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿ ಅವರನ್ನು ಊಟದ ಪಂಕ್ತಿಗೆ ಕರೆದೊಯ್ದರು. ನನಗೆ ಮೈಯೆಲ್ಲ ಉರಿಯಿತು.

ಇವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಬೈದು ಹಗುರಾಗಬಹುದಿತ್ತು. ಯಾರ ಮನಸ್ಸನ್ನೂ ನೋಯಿಸಲಾರದ ಇಂಥ ಸಜ್ಜನರು ನಮ್ಮಿಂದ ಪಡೆಯುವುದೆಲ್ಲ ಪ್ರೀತಿಯೇ. ಅದರ ಬೆಲೆಯನ್ನು ತೆರುವವರು ಮಾತ್ರ ಇನ್ನೂ ಮಾತು ಬಾರದ ಮಕ್ಕಳು.