ಕುರ್ಚಿ ಬೇಡವೆಂದವಳು

ನಮ್ಮ ಮೀನಿನ ಫ್ಯಾಕ್ಟರಿಯ ಕೋಲ್ಡ್ ರೂಮಿನಲ್ಲಿ ಹೆಂಗಸರ ಮುಟ್ಟಿಗೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ. ದಿನವಿಡೀ ಐಸಿನ ನಡುವೆ ನಿಂತು ಮೀನು ಸೀಳುವವರಿಗೆ ಒಂದು ತಿಂಗಳು ಬರುತ್ತದೆ, ಇನ್ನೊಂದು ತಿಂಗಳು ನಾಪತ್ತೆ. “ನಿಂದು ಬಂತೇನೇ?” “ಎಲ್ಲಿಂದ ಬರ್ಬೇಕು, ಅದೂ ಐಸ್ ಆಗಿ ಕೂತಿದೆ” ಎಂದು ನಗುತ್ತೇವೆ. ಬಸುರಿಯಾದವಳಿಗೆ ಮಾತ್ರ ಹೊರಗಡೆ, ಬಿಸಿಲು ಬೀಳುವ ಕಿಟಕಿಯ ಪಕ್ಕ, ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸ. ಅಲ್ಲಿ ಒಂದು ಕುರ್ಚಿ ಇದೆ. ಇಡೀ ಫ್ಯಾಕ್ಟರಿಯಲ್ಲಿ ನಾವು ಕೂರಬಹುದಾದ ಕುರ್ಚಿ ಅದೊಂದೇ.

ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಆ ಕುರ್ಚಿಯಲ್ಲಿ ಎರಡು ಸಲ ಕೂತು ಎದ್ದವಳು. ಮನೆಯಲ್ಲಿ ಅವಳನ್ನು ಚಿಕ್ಕವಳು ಎನ್ನುತ್ತೇವೆ. ಮದುವೆಯಾಗಿ ಇಷ್ಟು ವರ್ಷವಾದರೂ ಮಗುವಿಲ್ಲ. ಮೊದಲ ಸಲ ಮುಟ್ಟು ನಿಂತಾಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅತ್ತೆ ಅವಳಿಗೆ ನೀರಿನ ಬಕೆಟ್ ಎತ್ತಲೂ ಬಿಡಲಿಲ್ಲ. ಮೇಸ್ತ್ರಿ ಕುರ್ಚಿ ಕೊಟ್ಟ. ಆಮೇಲೆ ಒಂದು ಬೆಳಿಗ್ಗೆ ರಕ್ತ ಕಂಡಿತು. ಬಸಿರೇ ಆಗಿರಲಿಲ್ಲ, ಮುಟ್ಟಿನ ಏರುಪೇರು ಅಷ್ಟೇ ಎಂದರು ಡಾಕ್ಟರು. ಎರಡನೇ ಸಲವೂ ಅದೇ ಕಥೆ. ಅಷ್ಟರಲ್ಲಿ ನಮ್ಮ ಸಾಲಿನ ಹೆಂಗಸರು ಅವಳಿಗೆ ‘ಕುರ್ಚಿ ಮಹಾರಾಣಿ’ ಎಂದು ಹೆಸರಿಟ್ಟಿದ್ದರು. ಕೂರುವ ಆಸೆಗೆ ಬಸಿರಿನ ನಾಟಕ ಆಡಿದಳಂತೆ! ಅವರ ನಾಲಿಗೆ ಸೇದಿಹೋಗ! ನಮ್ಮ ಅತ್ತೆಯೇನು ಕಡಿಮೆಯೇ? ಅಕ್ಕಪಕ್ಕದವರ ಎದುರಿಗೇ, “ನಮ್ಮನೆಗೆ ಬರೀ ಸುದ್ದಿ ಬರುತ್ತೆ, ಮಗು ಬರಲ್ಲ” ಎಂದುಬಿಟ್ಟರು. ಚಿಕ್ಕವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅದಕ್ಕೇ ಮೂರನೇ ಸಲ ಮುಟ್ಟು ನಿಂತಾಗ ಅವಳು ತುಟಿಪಿಟಕ್ಕೆನ್ನಲಿಲ್ಲ. ಗಂಡನಿಗೂ ಹೇಳಲಿಲ್ಲ. ಒಂದು ದಿನ ಐಸಿನ ಪೆಟ್ಟಿಗೆ ಎತ್ತುವಾಗ ತುಟಿ ಕಚ್ಚಿ, ಹೊಟ್ಟೆಯ ಒಂದು ಪಕ್ಕವನ್ನು ಒತ್ತಿಹಿಡಿದದ್ದು ನನ್ನ ಕಣ್ಣಿಗೆ ಬಿತ್ತು.

“ಏನಾಯ್ತೇ?”

“ಏನಿಲ್ಲಕ್ಕ, ಉಳುಕಿರ್ಬೇಕು.”

“ಹೊಟ್ಟೆ ಉಳುಕುತ್ತೇನೇ, ಮಂಕೇ? ಮುಟ್ಟು ಬಂತಾ?”

ಅವಳು ಸುತ್ತ ನೋಡಿ ಧ್ವನಿ ತಗ್ಗಿಸಿದಳು. “ನಿಂತಿದೆ. ದಮ್ಮಯ್ಯ ಅಕ್ಕ, ಯಾರಿಗೂ ಹೇಳ್ಬೇಡ. ಹೊಟ್ಟೆ ಕಾಣೋ ತನಕ ಆ ಕುರ್ಚಿ ಕಡೆ ತಲೆ ಹಾಕಿಯೂ ಮಲಗಲ್ಲ ನಾನು.”

“ಡಾಕ್ಟ್ರ ಹತ್ರ ಹೋಗೋಣ ನಡಿ.”

“ಮತ್ತೆ ಏನೂ ಇಲ್ಲ ಅಂದ್ರೆ? ಇನ್ನೊಂದ್ಸಲ ಅದನ್ನ ಕೇಳೋ ಶಕ್ತಿ ನಂಗಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಸಂಜೆ ಕೆಲಸ ಬಿಟ್ಟ ಕೂಡಲೇ ದರದರ ಎಳೆದುಕೊಂಡಾದರೂ ಹೋಗುತ್ತೇನೆ ಎಂದು ಬೈದೆ. ಊಟದ ಗಂಟೆ ಹೊಡೆಯುವ ಮೊದಲೇ ಅವಳು ಕುಸಿದುಬಿದ್ದಳು. ಮುಖ ಬಿಳಿಚಿಕೊಂಡಿತ್ತು, ಆ ಚಳಿಯಲ್ಲೂ ಹಣೆಯ ಮೇಲೆ ಬೆವರು. ಓಡಿಬಂದ ಮೇಸ್ತ್ರಿ, “ತಿಂಡಿ ತಿಂದಿರಲ್ಲ, ತಲೆ ಸುತ್ತಿದೆ” ಎಂದ. ಹಿಂದಿನಿಂದ ಯಾವಳೋ, “ಕುರ್ಚಿ ತಂದ್ಕೊಡಿ, ಸರಿಹೋಗ್ತಾಳೆ” ಎಂದು ಕಿಸಕ್ಕನೆ ನಕ್ಕಳು. ಮೀನು ಸೀಳುವ ಚಾಕು ನನ್ನ ಕೈಯಲ್ಲೇ ಇತ್ತು, ಹೇಗೆ ತಡೆದುಕೊಂಡೆನೋ. ಮೀನಿನ ಲಾರಿಯಲ್ಲೇ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆ.

ಆಪರೇಷನ್ ಮುಗಿಸಿದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಈ ಸಲ ಬಸಿರು ನಿಜವೇ ಆಗಿತ್ತು. ಆದರೆ ಗರ್ಭಕೋಶದಲ್ಲಲ್ಲ, ಅದರ ಪಕ್ಕದ ನಾಳದಲ್ಲಿ ನಿಂತಿತ್ತು. ನಾಳ ಒಡೆದು ಹೊಟ್ಟೆಯ ತುಂಬ ರಕ್ತ, ಅದನ್ನು ತೆಗೆದೇ ಹಾಕಬೇಕಾಯಿತಂತೆ. ಮೊದಲೇ ಬಂದಿದ್ದರೂ ಆ ಮಗು ಉಳಿಯುತ್ತಿರಲಿಲ್ಲ, ನಾಳವನ್ನಾದರೂ ಉಳಿಸಬಹುದಿತ್ತೇನೋ ಎಂದರು. ಇನ್ನೊಂದು ಕಡೆಯ ನಾಳ ಯಾವುದೋ ಹಳೆಯ ಸೋಂಕಿನಿಂದ ಪೂರ್ತಿ ಮುಚ್ಚಿಹೋಗಿದೆಯಂತೆ.

“ಇನ್ನು ತಾನಾಗಿ ಬಸಿರಾಗಲ್ಲಮ್ಮ. ಸ್ವಲ್ಪ ಚೇತರಿಸ್ಕೊಳ್ಲಿ, ಆಮೇಲೆ ನಾನೇ ಹೇಳ್ತೀನಿ.”

ಹಾಳು ಫ್ಯಾಕ್ಟರಿ, ಹಾಳು ಕುರ್ಚಿ ಎಂದು ಗೋಡೆಗೆ ಒರಗಿ ಕಣ್ಣೀರಿಟ್ಟೆ. ನಾಲ್ಕು ಜನರ ಕುಹಕಕ್ಕೆ ಹೆದರಿ ಸಾವಿನ ಬಾಯಿಗೆ ಹೋಗಿಬಂದಿದ್ದಳಲ್ಲ ಹುಡುಗಿ!

ನಾನು ವಾರ್ಡಿಗೆ ಬರುವಷ್ಟರಲ್ಲಿ ನಮ್ಮತ್ತೆ ಅವಳ ಮಂಚದ ಬದಿಯಲ್ಲಿದ್ದರು. ನರ್ಸು ಅರ್ಧ ಸುದ್ದಿ ಹೇಳಿ ಹೋಗಿದ್ದಳು: ಬಸಿರು ನಿಂತಿತ್ತು, ಹೋಯಿತು. ಅತ್ತೆ ಅಳುತ್ತಲೇ ಸೊಸೆಯ ತಲೆ ಸವರುತ್ತಿದ್ದರು.

“ನನ್ನ ಬಾಯಿಗಿಷ್ಟು ಮಣ್ಣು ಹಾಕ. ಏನೇನೋ ಅಂದ್ಬಿಟ್ಟೆ. ಅಳ್ಬೇಡ ಮಗಳೇ. ಒಂದ್ಸಲ ನಿಂತಿದ್ದು ಇನ್ನೊಂದ್ಸಲ ನಿಲ್ಲಲ್ವಾ? ಮುಂದಿನ ಸಲ ನಿನ್ನ ನೆಲಕ್ಕೆ ಕಾಲಿಡೋಕೆ ಬಿಟ್ರೆ ಕೇಳು.”

ಅಷ್ಟು ನೋವಿನಲ್ಲೂ ಚಿಕ್ಕವಳ ಮುಖ ಅರಳಿತ್ತು. ನನ್ನನ್ನು ಕಂಡವಳೇ ಕೈ ಹಿಡಿದುಕೊಂಡಳು.

“ಅಕ್ಕ, ಈ ಸಲ ನಿಜವಾಗ್ಲೂ ಆಗಿತ್ತಂತೆ! ಡಾಕ್ಟ್ರು ಏನಂದ್ರು? ಇನ್ನೊಂದಕ್ಕೆ ಎಷ್ಟು ತಿಂಗಳು ಬಿಡ್ಬೇಕಂತೆ?”

ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಮನೆಯಲ್ಲೂ ಫ್ಯಾಕ್ಟರಿಯಲ್ಲೂ ಹೆಸರು ತೆಗೆದುಕೊಂಡವಳು ನಾನು. ಅವಳ ಹೊದಿಕೆ ಸರಿಮಾಡಿದೆ.

“ಮೊದ್ಲು ಗಾಯ ಮಾಯ್ಬೇಕಂತೆ,” ಎಂದೆ. “ಆಮೇಲೆ ನೋಡೋಣ ಅಂದ್ರು.”

ಅತ್ತೆ ಕಣ್ಣೊರೆಸಿಕೊಂಡು, ಬೆರಳು ಮಡಚಿ ತಿಂಗಳು ಎಣಿಸಲು ಶುರುಮಾಡಿದರು. ಚಿಕ್ಕವಳೂ ಅವರ ಜೊತೆ ಎಣಿಸಿದಳು.