ಕೆಂಪು ಬಟ್ಟೆಯ ಗುರುತು

"ಎಡಕ್ಕೆ! ಎಡಕ್ಕೆ ಅಂದ್ರೆ ಸ್ಟೀರಿಂಗ್ ಬಲಕ್ಕೆ ತಿರುಗ್ಸೇ!"

ಅವಳು ಬಲಕ್ಕೆ ತಿರುಗಿಸಿದಳು. ದೋಣಿ ಹೊತ್ತ ಟ್ರೈಲರ್ ಎಡಕ್ಕೇ ಬಂತು, ಆದರೆ ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಕಾರೂ ಅದೂ ಮುನಿಸಿಕೊಂಡ ಗಂಡಹೆಂಡಿರ ಹಾಗೆ ಒಂದಕ್ಕೊಂದು ಅಡ್ಡ ತಿರುಗಿ ದೋಣಿ ನೀರಿಗಿಳಿಸುವ ದಕ್ಕೆಯ ಇಳಿಜಾರಿನ ನಡುವೆ ನಿಂತವು. ಮೇಲೆ ಹಾಯಿಕಂಬಕ್ಕೆ ಹಗ್ಗ ಬಡಿದು ಟಿಣ್ ಟಿಣ್ ಎನ್ನುತ್ತಿತ್ತು.

ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಗಂಡ ತಲೆಯ ಮೇಲೆ ಕೈ ಹೊತ್ತುಕೊಂಡ. "ಮಕ್ಕಳಿಗೆ ಲೆಕ್ಕ ಹೇಳ್ಕೊಡೋ ಟೀಚರಮ್ಮಂಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ವಾ?"

"ನಂಗೆ ಗೊತ್ತಾಗತ್ತೆ ರೀ. ಈ ಗಾಡೀಗೆ ಗೊತ್ತಾಗ್ತಿಲ್ಲ."

ಹದಿನೈದು ವರ್ಷ ಈ ಕೆಲಸ ತಿರುಗಾಮುರುಗಾ ಇತ್ತು. ಅವನು ಕಾರನ್ನು ಹಿಂದಕ್ಕೆ ಬಿಡುವುದು, ಅವಳು ನೀರಿನಲ್ಲಿ ನಿಂತು "ಸಾಕು" ಅನ್ನುವುದು. ದೋಣಿ ಚಿಕ್ಕದಾದರೂ ಅದರ ಹೊಟ್ಟೆಯಡಿ ಮೀನಿನ ರೆಕ್ಕೆಯ ಹಾಗೆ ಭಾರದ ಕಬ್ಬಿಣವೊಂದು ಇಳಿಬಿದ್ದಿತ್ತು. ಗಾಳಿಗೆ ದೋಣಿ ಮಗುಚದಂತೆ ಕಾಯುವುದು ಅದೇ, ಇಳಿಸುವಾಗ ಹತ್ತಿಸುವಾಗ ಪ್ರಾಣ ತಿನ್ನುವುದೂ ಅದೇ. ಬೇರೆಯವರ ದೋಣಿಗಳಿಗೆ ಸ್ವಲ್ಪ ನೀರು ಸಾಕಾದರೆ ಇದಕ್ಕೆ ಟ್ರೈಲರ್ ಪೂರ್ತಿ ಮುಳುಗಬೇಕು. ಎಷ್ಟು ಮುಳುಗಬೇಕೆಂದು ತಿಳಿಯಲು ಟ್ರೈಲರಿನ ಮುಂದಿನ ಕಂಬಕ್ಕೆ ಅವನೊಂದು ಕೆಂಪು ಬಟ್ಟೆ ಕಟ್ಟಿದ್ದ. ನೀರು ಬಟ್ಟೆ ಮುಟ್ಟಿತೋ, ದೋಣಿ ತೇಲಿತು. ಅದನ್ನು ನೋಡಿ ಕೂಗುವುದು ಯಾವಾಗಲೂ ಅವಳ ಪಾಲಿನ ಕೆಲಸವಾಗಿತ್ತು.

ಈಗ ಅವನ ಬಲಗಣ್ಣಿನ ನಡುವೆ ಮಂಜು ಕೂತಿತ್ತು. ಮೂವತ್ತು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರಗಳ ಹಲ್ಲುಚಕ್ರ ನೋಡಿದ ಕಣ್ಣು ಅದು. ಎಡಗಣ್ಣೂ ಅದರ ದಾರಿಯನ್ನೇ ಹಿಡಿದಿದೆ, ಇನ್ನು ಸ್ಟೀರಿಂಗ್ ಮುಟ್ಟಕೂಡದು ಅಂದಿದ್ದರು ಕಣ್ಣಿನ ಡಾಕ್ಟರು. ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅವನು ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಸರಿಯಾಗಿಯೇ ಇದ್ದ ಮಿಕ್ಸಿಯನ್ನು ಎರಡು ಸಲ ಬಿಚ್ಚಿ ಜೋಡಿಸಿದ. ಎರಡನೆಯ ಸಲ ಒಂದು ಸ್ಕ್ರೂ ಉಳಿಯಿತು. ಮೊನ್ನೆ ಹಲ್ಲಿನ ಡಾಕ್ಟರೊಬ್ಬರು ದೋಣಿ ಕೊಳ್ಳುತ್ತೇನೆಂದು ಫೋನ್ ಮಾಡಿದಾಗ, "ಭಾನುವಾರ ಸಂಜೆ ಮಾಡಿ, ಹೇಳ್ತೀನಿ" ಅಂದ. ಆಮೇಲೆ ಅವಳ ಮುಖ ನೋಡದೆ, "ಇಳ್ಸೋದು ಹತ್ಸೋದು ನಿನ್ ಕೈಲಾದ್ರೆ ಇರ್ಲಿ. ಇಲ್ದಿದ್ರೆ ಕೊಟ್ಬಿಡೋಣ" ಅಂದ. ದೋಣಿಯೂ ಹೋದರೆ ಈ ಮನುಷ್ಯ ಮನೆಯಲ್ಲಿ ಇನ್ನೇನನ್ನು ಬಿಚ್ಚಿಯಾನು ಎಂದು ಅವಳಿಗೆ ದಿಗಿಲಾಗಿತ್ತು.

ಇವತ್ತು ಭಾನುವಾರ. ಎರಡು ದಿನ ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕೆ ಪೆನ್ಸಿಲ್ ಕಟ್ಟಿ, ಹಿಂದಕ್ಕೆ ತಳ್ಳಿ ತಳ್ಳಿ ಅಭ್ಯಾಸ ಮಾಡಿದ್ದಳು. ಬೆಂಕಿಪೊಟ್ಟಣ ಹೇಳಿದ ಮಾತು ಕೇಳಿತ್ತು.

ಮತ್ತೆ ಮುಂದಕ್ಕೆ ಎಳೆದಳು. ಎದುರಿಗೆ ಇಳಿಜಾರಿನ ತಲೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಜೀಪು. ಅದರೊಳಗೆ ದಪ್ಪ ಮೀಸೆಯವನೊಬ್ಬ ಅವಳನ್ನೇ ನೋಡುತ್ತಿದ್ದ. ಮೂರನೆಯ ಸಲವೂ ತಪ್ಪಿತು. ಈಗ ಹಾರ್ನ್ ಹೊಡೆಯುತ್ತಾನೆ ಎಂದು ಕತ್ತು ಬಿಗಿಹಿಡಿದಳು. ಹಾರ್ನ್ ಬರಲಿಲ್ಲ. ಮೀಸೆಯವನು ಇಂಜಿನ್ ಆರಿಸಿ ಇಳಿದ. ಹಿಂದೆ ಬಂದವರಿಗೆ ತಡೆಯಿರಿ ಎಂದು ಕೈ ಮಾಡಿ, ಅವಳಿಗೆ ಬೆನ್ನು ತಿರುಗಿಸಿ, ಜೀಪಿನ ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಏನನ್ನೋ ಹುಡುಕತೊಡಗಿದ.

ನೋಡುವವರಿಲ್ಲದೆ ಕೈ ಸ್ವಲ್ಪ ಸಡಿಲವಾಯಿತು. ನಾಲ್ಕನೆಯ ಸಲ ಟ್ರೈಲರ್ ನೆಟ್ಟಗೆ ಇಳಿಯಿತು.

"ಸಾಕು!" ಅಂದ ಗಂಡ. ದೋಣಿ ಮಿಸುಕಲಿಲ್ಲ. "ಇನ್ನೊಂಚೂರು ಬಿಡು. ಇವತ್ತು ನೀರೇ ಕಮ್ಮಿ."

ನೀರು ಕಮ್ಮಿಯಿದ್ದ ಹಾಗೆ ಅವಳಿಗೆ ಕಾಣಲಿಲ್ಲ. ಆದರೂ ಇನ್ನೊಂಚೂರು ಬಿಟ್ಟಳು. ದೋಣಿ ಒಮ್ಮೆ ಮೈ ಕೊಡವಿಕೊಂಡಂತೆ ತೇಲಿತು.

ನೀರಿನ ಮೇಲೆ ಅವನು ಬೇರೆಯೇ ಮನುಷ್ಯ. ಚುಕ್ಕಾಣಿಯ ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು, ಕಣ್ಣು ಅರೆಮುಚ್ಚಿ, ಕತ್ತಿನ ಹಿಂದೆ ಗಾಳಿ ಎಲ್ಲಿ ತಾಗುತ್ತದೆಂದು ನೋಡುತ್ತಿದ್ದ. "ಗಾಳಿ ಗೊತ್ತಾಗೋಕೆ ಕಣ್ಯಾಕೆ?" ಅಂದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಕಾಲು ಕುಣಿಯುತ್ತಿರಲಿಲ್ಲ. ಅವಳದು ಕುಣಿಯುತ್ತಿತ್ತು. ತಂದಿದ್ದ ಬ್ರೆಡ್ಡನ್ನು ತಿನ್ನಲಾಗದೆ ಚೂರು ಮಾಡಿ ಮಡಿಲಲ್ಲಿ ಚೆಲ್ಲಿಕೊಂಡಳು; ಇಳಿಸಿದ್ದಾಯಿತು, ಹತ್ತಿಸುವುದು ಹೇಗೆ?

ಮೂರೂವರೆಗೆ ದಡಕ್ಕೆ ಬಂದರು. ಅಡ್ಡಗಾಳಿ ಎದ್ದಿತ್ತು. ಅವನು ಸೊಂಟದುದ್ದ ನೀರಿನಲ್ಲಿ ದೋಣಿಯ ಮೂತಿಯ ಹಗ್ಗ ಹಿಡಿದು ನಿಂತ. ಅವಳು ಈ ಸಲ ಎರಡನೆಯ ಯತ್ನಕ್ಕೇ ಟ್ರೈಲರನ್ನು ನೆಟ್ಟಗೆ ಇಳಿಸಿದಳು.

"ಸಾಕು! ನಿಲ್ಸು!" ಹಗ್ಗ ಎಳೆದು ಕೊಕ್ಕೆ ಸಿಕ್ಕಿಸಿದ. "ಕೂತ್ಕೊಂತು. ಎಳಿ!"

ಎಳೆದಳು. ಅಡಿಯಿಂದ ಕರಕ್ ಎಂದು ಹಲ್ಲು ಕಡಿದಂಥ ಸದ್ದು ಬಂತು. ಕನ್ನಡಿಯಲ್ಲಿ ಹಾಯಿಕಂಬ ಒಂದು ಪಕ್ಕಕ್ಕೆ ವಾಲುತ್ತಿತ್ತು. ಅವಳು ಗಕ್ಕನೆ ನಿಲ್ಲಿಸಿ, ಕೈಬ್ರೇಕ್ ಎಳೆದು, ಚಪ್ಪಲಿ ಬಿಟ್ಟು ನೀರಿಗಿಳಿದಳು.

ಕಬ್ಬಿಣದ ರೆಕ್ಕೆ ತನ್ನ ಜಾಗಕ್ಕೆ ಹೋಗದೆ ಟ್ರೈಲರಿನ ಪಟ್ಟಿಯ ಮೇಲೆ ಕೂತಿತ್ತು. ಗಂಡ ಹೆಗಲು ಕೊಟ್ಟು ದೋಣಿಯನ್ನು ತಡೆದು ಹಿಡಿದಿದ್ದ. "ಬಟ್ಟೆಗೆ ನೀರು ಮುಟ್ಟಿತ್ತು. ನಾನೇ ನೋಡ್ದೆ."

ಅವಳು ಕೆಂಪು ಬಟ್ಟೆಯ ಕಡೆ ನೋಡಿದಳು. ಕಾರು ಮುಂದೆ ಬಂದದ್ದು ಗೇಣಿಗಿಂತ ಹೆಚ್ಚಿಲ್ಲ. ಬಟ್ಟೆಯೋ ನೀರಿನಿಂದ ಒಂದು ಮೊಳ ಮೇಲೆ, ಒಣಗಿ ಪಟಪಟ ಹಾರುತ್ತಿತ್ತು. ನೀರಿನಲ್ಲಿ ಅದರ ಬಿಂಬ ಕೆಂಪಗೆ ನಡುಗುತ್ತಿತ್ತು. ಅವನು ಯಾವುದನ್ನು ನೋಡಿ ಸಾಕು ಅಂದನೆಂದು ತಿಳಿಯಿತು. ಬೆಳಿಗ್ಗೆ ನೀರು ಯಾಕೆ ಕಮ್ಮಿಯಾಗಿತ್ತೆಂದೂ ತಿಳಿಯಿತು.

"ಮುಟ್ಟಿತ್ತು ರೀ," ಅಂದಳು. "ನಾನೇ ಬ್ರೇಕ್ ಬಿಟ್ಟು ಗಾಡಿ ಮುಂದಕ್ಕೆ ಜಾರಿಸ್ಬಿಟ್ಟೆ."

ಇಳಿಜಾರಿನಲ್ಲಿ ಬ್ರೇಕ್ ಬಿಟ್ಟರೆ ಗಾಡಿ ಜಾರುವುದು ಹಿಂದಕ್ಕೇ ಹೊರತು ಮುಂದಕ್ಕಲ್ಲ. ಅವನು ಅವಳನ್ನು ಒಂದು ಗಳಿಗೆ ನೋಡಿದ. ಕೊಕ್ಕೆ ಬಿಚ್ಚಿ ಮತ್ತೆ ಹಗ್ಗ ಹಿಡಿದ.

ಅವಳು ಮತ್ತೆ ಕಾರು ಹತ್ತಿದಳು. ಕಾರಿನ ಬೆನ್ನಿಗೆ ಮರೆಯಾಗಿ ಬಟ್ಟೆ ಡ್ರೈವರಿಗೆ ಕಾಣುವಂತಿರಲಿಲ್ಲ. ಆದರೆ ಟ್ರೈಲರಿನ ಹಿಂತುದಿಯಲ್ಲಿ, ದೋಣಿಗೆ ಗೀರು ಬೀಳದಿರಲೆಂದು ಹಳೆಯ ಕಂಬಳಿ ಸುತ್ತಿದ್ದ ಕಂಬಗಳಿದ್ದವು. ಮುಂದೆ ಬಟ್ಟೆ ನೀರು ಮುಟ್ಟಿದಾಗ ಹಿಂದೆ ಆ ಕಂಬಗಳ ತಲೆ ಒಂದು ಗೇಣಷ್ಟೇ ಹೊರಗಿರುತ್ತಿತ್ತು. ಹದಿನೈದು ವರ್ಷ ಅವುಗಳ ಪಕ್ಕದಲ್ಲೇ ಚಳಿಗೆ ನಡುಗುತ್ತ ನಿಂತವಳು ಅವಳು. ಬಲಗಡೆಯ ಕನ್ನಡಿಯಲ್ಲಿ ಕಣ್ಣು ನೆಟ್ಟು ಹಿಂದಕ್ಕೆ ಬಿಟ್ಟಳು.

"ಸಾಕು!" ಅಂದ ಅವನು. ಅವಳು ನಿಲ್ಲಿಸಲಿಲ್ಲ. "ಸಾಕು ಅಂದ್ನಲ್ಲೇ!"

"ಗಾಳಿಗೆ ಕೇಳಿಸ್ತಿಲ್ಲ ರೀ!"

ಕಂಬ ಗೇಣಾಯಿತು. ನಿಲ್ಲಿಸಿದಳು. ದೋಣಿ ಸದ್ದಿಲ್ಲದೆ ಎರಡು ಕಂಬಗಳ ನಡುವೆ ಬಂದು, ಕಾರು ಎಳೆದಂತೆಲ್ಲ ತನ್ನಷ್ಟಕ್ಕೆ ತಾನೇ ಕೂತಿತು. ಧಾರಾಕಾರ ನೀರು ಸುರಿಸುತ್ತ ಮೇಲೆ ಬಂತು.

ಸಾಲಿನಲ್ಲಿ ಮೀಸೆಯವನ ಜೀಪು ಮತ್ತೆ ಕಾಯುತ್ತಿತ್ತು. ಅವಳು ಕಿಟಕಿ ಇಳಿಸಿ, "ನಿಮ್ ಟೈರು ಸರಿಹೋಯ್ತಾ?" ಅಂದಳು.

"ಯಾವ ಟೈರು?" ಅಂದವನು ಮೀಸೆ ಒರೆಸಿಕೊಂಡ. "ಓ, ಅದಾ! ಅದು ತಾನಾಗೇ ಸರಿಹೋಯ್ತಮ್ಮ."

ಸಮತಟ್ಟಿನಲ್ಲಿ ಕಾರು ನಿಲ್ಲಿಸುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಅವನ ಫೋನ್ ಗುಂಯ್‌ಗುಟ್ಟತೊಡಗಿತು.

"ಯಾರದು?" ಹಿಂದಿನಿಂದ ಕೇಳಿದ.

"ಹಲ್ಲಿನ ಡಾಕ್ಟ್ರು."

"ಬಡ್ಕೊಳ್ಲಿ ಬಿಡು. ನನ್ ಕೈ ಒದ್ದೆ."

ಅವಳು ಇಳಿಯದೆ ಕನ್ನಡಿಯಲ್ಲಿ ನೋಡಿದಳು. ಅವನು ಮುಂದಿನ ಕಂಬದ ಕೆಂಪು ಬಟ್ಟೆಯನ್ನು ಬಿಚ್ಚಿಕೊಂಡು ಹಿಂದಕ್ಕೆ, ಬಲಗಡೆಯ ಕಂಬಳಿಯ ಕಂಬದ ಹತ್ತಿರ ಹೋದ. ನೀರು ಮುಟ್ಟಿದ್ದಷ್ಟು ಕಂಬಳಿ ಇನ್ನೂ ಒದ್ದೆಯಾಗಿತ್ತು. ಗಡಿಯಾರದ ಮುಳ್ಳು ಹುಡುಕುವವನ ಹಾಗೆ ಬೆರಳ ತುದಿಯನ್ನು ಮೇಲಿನಿಂದ ಮೆಲ್ಲಗೆ ಇಳಿಸುತ್ತ ಬಂದ. ಒಣಗಿದ್ದು ಮುಗಿದು ಒದ್ದೆ ಶುರುವಾಗುವಲ್ಲಿ ಬೆರಳು ನಿಂತಿತು.

"ಅಲ್ಲಿಂದ ಕಾಣತ್ತಾ?" ಬಟ್ಟೆ ಸುತ್ತುತ್ತ ಕೂಗಿದ.

"ಕಾಣತ್ತೆ."

ಅವನು ಗಂಟು ಹಾಕಿ, ಎಳೆದು ನೋಡಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದ.